ಹದಿನೆಂಟು ವೋಲ್ಟು

ಬಿಜೈಯ ಫ್ಲ್ಯಾಟಿನ ಅಮ್ಮ ಕೊಟ್ಟದ್ದು.
"ಬ್ಯಾಟರಿ ಹೋಗಿದೆ, ಹೊಸದಕ್ಕೆ ಎಂಟು ಸಾವಿರವಂತೆ,
ಗುಜರಿಗೆ ಹಾಕುವ ಬದಲು ನೀನೇ ಕೊಂಡುಹೋಗು."
ಹರಿಣಾಕ್ಷಿ ಅದನ್ನು ಸಿಟಿ ಬಸ್ಸಿನಲ್ಲಿ ತಂದಳು
ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು,
ಕೊಳವೆ ತಾಗಿದ ಕಾಲೇಜು ಹುಡುಗನಿಗೆ
ಮೂರು ಸಲ ಸಾರಿ ಹೇಳುತ್ತ.

ಬೆನ್ನು ಬಿಚ್ಚಿ ನೋಡಿದೆ. ಹದಿನೆಂಟು ವೋಲ್ಟು.
ನನ್ನ ಡ್ರಿಲ್ಲಿನದ್ದೂ ಹದಿನೆಂಟೇ.
ಜಾತಕ ಕೂಡಿತು, ಮೂತಿ ಕೂಡಲಿಲ್ಲ.
ಅದರ ಬಾಯಿ ಉದ್ದ, ಇದರದ್ದು ಅಗಲ.
ಕಂಪೆನಿಯವರು ಬೇಕೆಂದೇ ಹಾಗೆ ಮಾಡಿದ್ದು,
ಒಬ್ಬರ ಅನ್ನ ಇನ್ನೊಬ್ಬರ ಬಟ್ಟಲಿಗೆ ಬೀಳಬಾರದೆಂದು.

ನಾನು ಆಚಾರಿ. ಸೇರದ್ದನ್ನು ಸೇರಿಸುವುದೇ ಕಸುಬು.
ಹಲಸಿನ ತುಂಡೊಂದು ಬಿದ್ದಿತ್ತು,
ಯಾರದೋ ದೇವರ ಕೋಣೆಯ ಬಾಗಿಲಿನ ಉಳಿಕೆ.
ಉಳಿಯಲ್ಲಿ ಎರಡು ಜಾಡು ಕೊರೆದೆ,
ಹಳೆಯ ಮೈನ್ ಸ್ವಿಚ್ಚಿನ ತಾಮ್ರ ಕತ್ತರಿಸಿ ನಾಲಗೆ ಮಾಡಿದೆ,
ನಡುವೆ ಒಂದು ಕಾರಿನ ಫ್ಯೂಸು, ಜಾಮೀನಿಗೆ.
ಕೆಂಪು ವಯರು ಕೆಂಪಿಗೆ, ಕಪ್ಪು ಕಪ್ಪಿಗೆ,
ಇದೊಂದನ್ನು ಮಾತ್ರ ಎರಡೆರಡು ಸಲ ನೋಡಿದೆ.

ಬಟನ್ ಒತ್ತಿದ್ದೇ ಬೆಕ್ಕು ಹಂಚಿಗೆ ಹಾರಿತು.
ಕೆತ್ತಿದ ಸಿಪ್ಪೆ, ಮರದ ಹುಡಿ, ಕಾಣದೆ ಹೋಗಿದ್ದ ಎರಡು ಮೊಳೆ
ಸರ್ರನೆ ಒಳಗೆ.
"ನೋಡಿ ಇವರನ್ನು," ಎಂದಳು,
"ಹಗಲು ಹುಡಿ ಮಾಡುವವರೂ ಇವರೇ,
ಸಂಜೆ ಹೆಕ್ಕುವವರೂ ಇವರೇ."
ಬ್ಯಾಟರಿಗೆ ಹೇಳಿದ್ದೋ ನನಗೋ.
ನಾನಂತೂ ಯಾವತ್ತೂ ಹೆಕ್ಕಿದವನಲ್ಲ.

ಮತ್ತೆ ಶುರುವಾಯಿತು ಜಗಳ.
ಇದ್ದದ್ದು ಮೂರು ಬ್ಯಾಟರಿ, ಬೆಳಿಗ್ಗೆ ಎರಡು ಅವಳ ಚೀಲದಲ್ಲಿ.
ಮಣ್ಣಗುಡ್ಡೆಯಲ್ಲಿ ಏಣಿಯ ತುದಿಯಲ್ಲಿ ನಾನು,
ಸ್ಕ್ರೂ ಅರ್ಧ ಒಳಗೆ ಅರ್ಧ ಹೊರಗೆ,
ಡ್ರಿಲ್ಲು ಉಸಿರು ಬಿಟ್ಟಿತು.
ಫೋನ್ ಮಾಡಿದರೆ ಆ ಕಡೆಯಿಂದ ಬರೇ ಗುಂಯ್.
ಕೈಯಲ್ಲೇ ತಿರುಗಿಸಿದೆ ಮಾರಾಯ್ರೇ,
ಅಪ್ಪನ ಕಾಲದ ಸ್ಕ್ರೂಡ್ರೈವರಿನಲ್ಲಿ ಹದಿನಾರು ಸ್ಕ್ರೂ.

ಮೂರನೆಯ ವಾರ ಒಂದು ಬ್ಯಾಟರಿ ಸತ್ತಿತು.
ಚಾರ್ಜರು ಕೆಂಪು ಹಸಿರು ಕಣ್ಣು ಹೊಡೆಯುತ್ತದೆ, ಒಪ್ಪುವುದಿಲ್ಲ.
ಬಂದರಿನ ಮುಸ್ತಫ ಮೀಟರ್ ಇಟ್ಟು ನೋಡಿದ:
"ಡ್ರಿಲ್ಲಿಗೆ ಬುದ್ಧಿ ಉಂಟು ಆಚಾರ್ರೇ,
ಬ್ಯಾಟರಿ ಸೋತರೆ ತಾನೇ ನಿಲ್ಲುತ್ತದೆ.
ಈ ಕಸದ ಮೆಷಿನ್ನಿನ ಬುದ್ಧಿ ಇದ್ದದ್ದು ಅದರ ಹಳೆ ಬ್ಯಾಟರಿಯ ಒಳಗೆ,
ನೀವು ಅದನ್ನು ಕಿತ್ತು ಬಿಸಾಡಿದಿರಿ.
ಈಗ ಅದು ಎಳೆಯುತ್ತಲೇ ಇರುತ್ತದೆ, ಇದು ಕೊಡುತ್ತಲೇ ಇರುತ್ತದೆ,
ಸಾಕು ಅನ್ನುವವರು ನಡುವೆ ಯಾರೂ ಇಲ್ಲ."

ಬಸ್ಸಿನಲ್ಲಿ ಕೂತವನಿಗೆ ಅದೇ ಮಾತು.
ದಿನಕ್ಕೆ ನಾಲ್ಕು ಫ್ಲ್ಯಾಟು. ರಾತ್ರಿ ಎಡಮಂಡಿಗೆ ಎಣ್ಣೆ.
ಮದುವೆಯಾಗಿ ಹತ್ತೊಂಬತ್ತು ವರ್ಷ,
ಊಟದ ಬಟ್ಟಲಿನ ಮುಂದೆ ಬಿಟ್ಟರೆ
ಬೇರೆಲ್ಲೂ ಅವಳು ಸಾಕು ಅಂದದ್ದು ನಾನು ಕೇಳಿಲ್ಲ.

ನೂರೈವತ್ತು ರೂಪಾಯಿಯ ಬಜರ್ ತಂದು ಹಲಸಿಗೆ ಅಂಟಿಸಿದೆ.
ವೋಲ್ಟು ಇಳಿದರೆ ಕೂಗುತ್ತದೆ.
ಹದಿನೈದಕ್ಕೆ ಇಟ್ಟರೆ ಸಾಕೆಂದಿದ್ದ ಮುಸ್ತಫ,
ನಾನು ಹದಿನಾರಕ್ಕೆ ಇಟ್ಟೆ.
ಅವಳಿಗೆ ಹೇಳಲಿಲ್ಲ.

ಮೊನ್ನೆ ಹದಿನಾಲ್ಕನೆಯ ಮಹಡಿಯಲ್ಲಿ
ನನಗೆ ಹಿಂಜ್ ಕೆಲಸ, ಅವಳಿಗೆ ಜಿಪ್ಸಮ್ಮಿನ ಬಿಳಿ ಹುಡಿ.
ಕೂಗಿತು. ಮೀನಿನ ಸ್ಕೂಟರಿಗಿಂತ ಜೋರು.
ಅವಳು ಆರಿಸಿ, ಇದ್ದಲ್ಲೇ ಟೈಲ್ಸಿನ ಮೇಲೆ ಕೂತು
ಕಾಲು ಎರಡೂ ಉದ್ದ ಚಾಚಿದಳು.
ಕಿಟಕಿಯಲ್ಲಿ ಪಣಂಬೂರಿನ ಕಡೆ ಸರದಿ ಕಾಯುವ ಹಡಗು,
ಒಂದಕ್ಕೂ ಅವಸರವಿಲ್ಲ.
"ಚೀಲದಲ್ಲಿ ಇನ್ನೊಂದು ಬ್ಯಾಟರಿ ಉಂಟಲ್ಲ?" ಎಂದೆ.
"ಉಂಟು," ಎಂದಳು.
ತೆಗೆಯಲಿಲ್ಲ.

ರಾತ್ರಿ ಚಾರ್ಜಿಗೆ ಇಡುವಾಗ ನೋಡುತ್ತೇನೆ,
ಬಜರಿನಲ್ಲಿ ಅಂಕಿ ಹದಿನೇಳು.
ನಾನೂ ಕೇಳಲಿಲ್ಲ.