ಅಳತೆ ಪುಸ್ತಕ

ಸೊಲ್ಲಾಪುರ. ಮುಚ್ಚಿದ ಗಿರಣಿಯ ಹಿಂಗೋಡೆ.
ಪಾಲಿಕೆಯ ದರ ಚದರಡಿಗೆ ಮೂವತ್ತೆಂಟು ರೂಪಾಯಿ,
ಪ್ರೈಮರು, ಏಣಿ, ಕಲ್ಪನೆ ಎಲ್ಲ ಸೇರಿ.

ಟೇಪಿನ ಒಂದು ತುದಿ ನಾನು,
ಇನ್ನೊಂದು ಪೇಂಟರ್ ಗುರುಪಾದ.
ಲಾರಿಗಳ ಬೆನ್ನಿಗೆ ಹದ್ದು ಬರೆಯುತ್ತಿದ್ದವ;
ಈಗ ಮಗ್ಗ, ಮೂರನೇ ಪಾಳಿ,
ಬುತ್ತಿ ಬಿಚ್ಚಿದ ಹೆಂಗಸರು,
ಒಬ್ಬಳ ಮೂಗುತಿಗೆ ಮಾತ್ರ
ನಿಜವಾದ ಹಿತ್ತಾಳೆ ಮೊಳೆ.

ನಡುವೆ ಒಂದು ತುಂಡು ಬರೀ ಗೋಡೆ.
"ಇದ್ಯಾಕ ಬಿಟ್ಟಿ?"
"ಅವ್ವ ಇಲ್ಲೇ ತಲಿ ಆನಿಸಿ ಕೂಡತಿದ್ಳ್ರಿ,
ಭೋಂಗಾ ಆಗೂತನಕ.
ಅಕಿ ಎಣ್ಣಿ ಕಲೆ ಐತಿ."

ಒಂಬತ್ತು ಚದರಡಿ ಕಡಿತ.
ಕಾರಣ ಬರೀಬೇಕು, ಕಡತ ಮರಾಠಿಯದು:
'ಡಾಗ' ಅಂತ ಬರೆದು ಸಹಿ ಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು,
ನಮ್ಮ ಮಾತಿನಲ್ಲಿ ಬರೆದಿದ್ದರೆ
ಆ ಒಂಬತ್ತಡಿಗೂ
ದುಡ್ಡು ಕೊಡಬೇಕಾಗುತ್ತಿತ್ತು.