ತೂಕದ ಕೊಕ್ಕೆ

ಬನ್ನೇರುಘಟ್ಟದಾಚೆ ಟಾರು ಮುಗಿದು ಮಣ್ಣಾಗುವಲ್ಲಿ
ಬಸ್ಸು ನನ್ನನ್ನು ಇಳಿಸಿ ತಿರುಗಿಕೊಳ್ಳುತ್ತದೆ.
ಅಲ್ಲಿಂದ ನಡಿಗೆ. ಹೆಗಲಿಗೆ ನೀಲಿ ಚೀಲ:
ಕಬ್ಬಿಣದ ಗುಳಿಗೆ, ಓಆರ್‌ಎಸ್ಸು, ನಿರೋಧ್,
ತಿಂಗಳ ಮಾತ್ರೆಯ ಪಟ್ಟಿ, ಲಸಿಕೆಯ ಡಬ್ಬ,
ಎಲ್ಲದರ ಮೇಲೆ ರಟ್ಟು ಹರಿದ ರಿಜಿಸ್ಟರು.
ನಾನು ಬಂದ ವರ್ಷ ಸೊಪ್ಪಿನಕುಂಟೆಯಲ್ಲಿ ಮನೆ ನಲವತ್ತು.
ಈಗ ಎಣಿಸುತ್ತ ಎಣಿಸುತ್ತ ಪೆನ್ನು ಖಾಲಿ.

ಕಾಡಿನ ಅಂಚಿಗೆ ಒಂದು ಜಾಲಾರಿ ಮರ.
ಅದರ ಕೆಳಕೊಂಬೆಗೆ ನನ್ನ ತಕ್ಕಡಿಯ ಕೊಕ್ಕೆ.
ಬಟ್ಟೆಚೀಲದಲ್ಲಿ ಕೂಸನ್ನು ಕೂರಿಸಿದರೆ
ಅದು ಅಳುತ್ತ ತೂಗುತ್ತಿತ್ತು, ಮುಳ್ಳು ನಡುಗುತ್ತಿತ್ತು,
ತಾಯಂದಿರು ಮುಳ್ಳು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

ವಾಚರ್ ಸಿದ್ದಮಾರ ಅಲ್ಲೇ ಬಂದು ಬೀಡಿ ಹಚ್ಚುತ್ತಿದ್ದ.
ಅವನದೂ ಒಂದು ಪುಸ್ತಕ. ಆನೆ ಲದ್ದಿ ಎಷ್ಟು, ಎಷ್ಟು ದಿನದ್ದು,
ಮರಿಯ ಹೆಜ್ಜೆ ಇದೆಯಾ ಇಲ್ಲವಾ.
"ನಿಮ್ದು ಏರ್ತಾ ಐತಲ್ಲ ಸಿಸ್ಟರ್" ಅನ್ನುತ್ತಿದ್ದ.
"ನಿಂದು?" ಅಂದರೆ ಬೀಡಿಯನ್ನೇ ನೋಡಿಕೊಳ್ಳುತ್ತಿದ್ದ.

ಪುಟ್ಟಗೌರಿಗೆ ಇಪ್ಪತ್ತಮೂರು. ಮೂರು ಹೆಣ್ಣು.
ಅವಳ ಹಿಮೋಗ್ಲೋಬಿನ್ ಒಂಬತ್ತು ದಾಟಿದ್ದು ನಾ ಕಾಣೆ.
ಸೌದೆಹೊರೆ ಇಳಿಸಿ, ಬೆವರು ಒರೆಸಿ, ಮೆಲ್ಲಗೆ ಕೇಳಿದಳು:
"ಮಾತ್ರೆ ಕೊಡಕ್ಕ. ಮನೇಲಿ ಮಡಗಂಗಿಲ್ಲ.
ಅತ್ತೆ ರಾಗಿ ಮಡಕೆ ತಳಾನೂ ತಡಕ್ತಾಳೆ."
ಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಜಾಲಾರಿಯ ಪೊಟರೆಗೆ ತೂರಿಸಿದಳು,
ಮೇಲೆ ಒಣ ಎಲೆ ಜಡಿದಳು.
ದಿನಾ ಸೌದೆಯ ನೆಪ, ದಿನಕ್ಕೊಂದು ಮಾತ್ರೆ.
ಒಂದು ವರ್ಷ ಮರ ಬಾಯಿ ಬಿಡಲಿಲ್ಲ.

ಆಮೇಲೆ ಕಾಂಡಕ್ಕೆ ಕೆಂಪು ಬಣ್ಣದಲ್ಲಿ 212.
ಕಾಡಿನದಲ್ಲವಂತೆ ಆ ಮರ, ಸರ್ವೆ ಕಲ್ಲಿನ ಈಚೆಗಂತೆ.
ಲೇಔಟಿನ ಬೋರ್ಡು ಎದ್ದಿತು: ಹಸಿರಿನ ಮಡಿಲಲ್ಲಿ ನಿಮ್ಮ ಸೈಟು.
ಭಾನುವಾರ ರಾತ್ರಿ ಗರಗಸ. ಸೋಮವಾರ ನಾನು ಬಂದಾಗ
ಬುಡದಲ್ಲಿ ಹಸಿ ಅಂಟು, ಬಿಸಿಲು, ನೊಣ.
ಪುಟ್ಟಗೌರಿ ಹೊಟ್ಟು ಕೆದಕುತ್ತ ಕೂತಿದ್ದಳು.
"ಹನ್ನೆರಡು ಉಳಿದಿದ್ವು ಅಕ್ಕ" ಅಂದಳು,
ಸಂತೆಯಲ್ಲಿ ಚಿಲ್ಲರೆ ಕಳಕೊಂಡವಳ ಹಾಗೆ.
ಅವತ್ತು ನನ್ನ ಚೀಲದಲ್ಲೂ ಇರಲಿಲ್ಲ.
ಸ್ಟಾಕು ಬಂದಿಲ್ಲ, ಮುಂದಿನ ವಾರ ಅಂದೆ.
ಆ ವಾರ ಮೂರು ತಿಂಗಳು ಉದ್ದವಿತ್ತು.

ಜಯನಗರದ ತರಬೇತಿಯಲ್ಲಿ ಸಾಹೇಬರು ಗೆರೆ ತೋರಿಸಿದರು:
ಜನ ಏರುವ ಗೆರೆ, ಕಾಡು ಇಳಿಯುವ ಗೆರೆ,
ಎರಡೂ ದಾಟಿಕೊಳ್ಳುವಲ್ಲಿ ಕಡ್ಡಿಯಿಂದ ತಟ್ಟಿದರು.
ಅದನ್ನು ಪುಟ್ಟಗೌರಿಗೆ ಹೇಳಿದೆ. ಬುದ್ಧಿ ಇಲ್ಲದೆ ಹೇಳಿದೆ.
ಅವಳು ಬೇಲಿಯಾಚೆಯ ಹದಿನೆಂಟು ಮಹಡಿ ನೋಡಿದಳು.
"ನನ್ನ ಹೊರೇಲಿ ಎಷ್ಟು ಕಾಡು ಹಿಡಿಸ್ತದೆ ಅಕ್ಕ?
ಅಲ್ಲಿ ಮನೇಗೊಂದೇ ಮಗು ಅಂತಲ್ಲ,
ಮತ್ಯಾಕೆ ಹಗಲೂ ರಾತ್ರಿ ಟ್ಯಾಂಕರು ಹೋಯ್ತವೆ?"
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಅವಳು ಹೇಳಿದ್ದು ಸುಳ್ಳಲ್ಲ. ಸಾಹೇಬರದ್ದೂ ಪೂರ್ತಿ ಸುಳ್ಳಲ್ಲ.
ಸೌದೆಗೆ ಈಗ ಎರಡು ಮೈಲಿ ಒಳಗೆ,
ಏಳು ತಿಂಗಳ ಹೊಟ್ಟೆ ಹೊತ್ತು, ಲಂಟಾನ ಬಿಡಿಸಿಕೊಂಡು.
ಆನೆ ನೀರಿಗೆ ಬರುವುದೂ ಅದೇ ದಾರಿ.
ಗ್ಯಾಸಿನ ಸಿಲಿಂಡರು ಮೂಲೆಯಲ್ಲಿ ಖಾಲಿ,
ಅದರ ನೆತ್ತಿಯ ಮೇಲೆ ದೇವರ ದೀಪ.

ಕಾರ್ತೀಕದಲ್ಲಿ ಹೆತ್ತಳು. ನಾಲ್ಕನೆಯದೂ ಹೆಣ್ಣು.
ತೂಗಬೇಕು. ಕೊಂಬೆ ಎಲ್ಲಿ?
ಕರೆಂಟು ಕಂಬಕ್ಕೆ ಕೊಕ್ಕೆ ನಿಲ್ಲದು, ಶೀಟಿನ ಸೂರು ತಡೆಯದು.
ಜೆಸಿಬಿಯ ಹುಡುಗ, ಬೀದರದ ಕಡೆಯವನು,
ಬಕೆಟ್ಟನ್ನು ಎದೆಮಟ್ಟಕ್ಕೆ ಎತ್ತಿ ಎಂಜಿನ್ ಆರಿಸಿದ:
"ಇದಕ್ಕ ಹಾಕ್ರಿ ಅಕ್ಕೋರೆ."
ಉಕ್ಕಿನ ಹಲ್ಲಿಗೆ ಕೊಕ್ಕೆ ಸಿಕ್ಕಿಸಿದೆ.
ಸಂದಿಯಲ್ಲಿ ಇನ್ನೂ ಯಾವುದೋ ಬೇರಿನ ನಾರು.
ಕೂಸು ಅಳಲಿಲ್ಲ. ತೂಗಿತು.
ಸಿದ್ದಮಾರ ಬೀಡಿ ಎಸೆದ. ಅತ್ತೆ ಸೆರಗು ಬಾಯಿಗಿಟ್ಟಳು.
ಈ ಸಲ ಎಲ್ಲರೂ ಮುಳ್ಳನ್ನೇ ನೋಡಿದರು.

ಎರಡು ಕಿಲೋ ನೂರು.
ಬರೆದುಕೊಂಡೆ. ಪುಟ್ಟಗೌರಿ ಕೈ ಚಾಚಿದಳು,
ಅತ್ತೆಯ ಎದುರಿಗೇ,
ಕೂಸಿಗಲ್ಲ,
ಮೊದಲು ನನ್ನ ಚೀಲಕ್ಕೆ.