ಇಂದು ನಗದು

ಫ್ರೀಮನ್ ಬೀದಿಯ ನಮ್ಮ ತುದಿಗೆ ನಲವತ್ತೊಂದು ಅಂಗಡಿ.
ಹದಿನೇಳು ನಮ್ಮವು, ಹತ್ತೊಂಬತ್ತು ಅವರವು,
ಮೂರಕ್ಕೆ ಬೀಗ, ಒಂದು ಚರ್ಚಿನವರ ಹಳೆಬಟ್ಟೆಯದು.
ಉಳಿದದ್ದು ಡೊರೀನಳದು.

ನಮ್ಮವು ಎಂದರೆ ನನ್ನವಲ್ಲ.
ನನ್ನದು ಕಂಪನಿ ಕೊಟ್ಟ ಕೆಂಪು ಜಾಕೆಟ್ಟು,
ಚೀಲದಲ್ಲಿ ಸಾಬೂನಿನ ಬಿಲ್ಲೆಯಷ್ಟಿರುವ ಆರು ಯಂತ್ರ,
ಬಾಯಲ್ಲಿ ಒಂದೇ ಮಂತ್ರ:
ನೂರಕ್ಕೆ ಒಂದೂವರೆ, ಮೊದಲ ಮೂರು ತಿಂಗಳು ಅದೂ ಇಲ್ಲ.

ವಿಶಾಲಾಕ್ಷಿಗೆ ಇಲ್ಲಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ.
ಅವಳ ವೀಸಾದ ಬಾಲ ಹಿಡಿದು ಬಂದವನು ನಾನು.
ಅವಳು ಪರದೆ ಎಳೆದು ಮಲಗುವ ಹೊತ್ತಿಗೆ
ಗ್ರಿಮ್ಸ್‌ಬಿಯ ಗಾಳಿಗೆ ಮುಖ ಕೊಟ್ಟು
ಬಾಗಿಲಿಂದ ಬಾಗಿಲಿಗೆ ನಗುತ್ತಾ ಹೋಗುವುದು
ನನ್ನ ಉದ್ಯೋಗ.

ನೀಲಿ ಜಾಕೆಟ್ಟಿನವನು ಕರ್ಟಿಸ್ ಬ್ರಾಕಲ್ಸ್‌ಬಿ.
ಅವನದು ನೂರಕ್ಕೆ ಒಂದೂಕಾಲು, ಮೇಲೊಂದು ಕೊಡೆ.
ಕೊಡೆಗೆ ಎದುರಾಗಿ ನಾನು ಗೋಡೆ ಗಡಿಯಾರ ತಂದೆ.
ಅವನು ಕ್ಷೌರದ ಅಂಗಡಿಗೆ ಫುಟ್‌ಬಾಲ್ ಟಿಕೆಟ್ಟು ತಂದ.
ನಾನಂಟಿಸಿದ ಸ್ಟಿಕ್ಕರಿನ ಮೇಲೆ ಅವನು,
ಅವನದರ ಮೇಲೆ ನಾನು,
ಹೂವಿನಂಗಡಿಯ ಗಾಜು ಈಗ ಅಲ್ಲಲ್ಲಿ ಉಬ್ಬಿಕೊಂಡಿದೆ;
ಉಗುರಲ್ಲಿ ಕೆರೆದರೆ
ಹೋದ ವರ್ಷ ಮುಳುಗಿದ ಮೂರನೆಯ ಕಂಪನಿ
ಇನ್ನೂ ಹಸಿರಾಗಿ ಸಿಗುತ್ತದೆ.

ಗಿರಾಕಿ ಫೋನು ಒಡ್ಡುತ್ತಾನೆ, ಯಂತ್ರ ಕುಂಯ್ ಅನ್ನುತ್ತದೆ.
ಆ ಸದ್ದಿನೊಳಗಿಂದ ಚೂರು ಪೆನ್ನಿ
ಯಾವ ಕಡೆ ಹಾರಿತು ಎನ್ನುವುದಷ್ಟೇ ಯುದ್ಧ.
ಬ್ರೆಡ್ಡು ಬ್ರೆಡ್ಡಾಗಿಯೇ ಮನೆಗೆ ಹೋಗುತ್ತದೆ.

ನವೆಂಬರ್, ಗುರುವಾರ, ನಾಲ್ಕಕ್ಕೇ ಕತ್ತಲು.
ಆಲಿಕಲ್ಲಿಗೆ ಹೆದರಿ ಇಬ್ಬರೂ ಒಟ್ಟಿಗೇ
ಡೊರೀನಳ ಬಾಗಿಲು ತಳ್ಳಿದೆವು.
ಮಾರಲಿಕ್ಕಲ್ಲ, ಹಸಿದು.
ಎರಡು ಹ್ಯಾಡಕ್, ಎರಡು ಚಿಪ್ಸ್.
(ಯಾವ ಕೊಬ್ಬಿನಲ್ಲಿ ಕರಿದದ್ದು ಎಂದು
ಮೊದಲ ಚಳಿಗಾಲ ಕೇಳಿದ್ದೆ. ಇದು ಎರಡನೆಯದು.)

ಹದಿನೇಳು ಅರವತ್ತು, ಅಂದಳು.
ಅಭ್ಯಾಸಬಲ. ಎರಡು ಫೋನು ಒಟ್ಟಿಗೇ ಚಾಚಿದವು
ಏನೂ ಇಲ್ಲದ ಗಲ್ಲೆಯ ಮೇಲೆ.
ಮಕ್ಕಳು ಬಿಡಿಸಿದ ಚಿತ್ರ ನೋಡುವಂತೆ
ಎರಡನ್ನೂ ನೋಡಿದಳು ಡೊರೀನ್.
"ಹನ್ನೊಂದು ಸಲ ಹೇಳಿದ್ದೇನಲ್ಲ,
ಇಲ್ಲಿ ದುಡ್ಡು ಅಂದರೆ ದುಡ್ಡು."

ಜೇಬು ಮಗುಚಿದೆವು.
ಅವನಲ್ಲಿ ಒಂದು ಲೈಟರು, ಒಂದು ಗುಂಡಿ.
ನನ್ನಲ್ಲಿ ಪಿನ್ನು, ಮತ್ತು ಐದು ರೂಪಾಯಿಯ ನಾಣ್ಯ.
ದೀಪಕ್ಕೆ ಹಿಡಿದು ತಿರುಗಿಸಿದಳು. ಇದು ಎಲ್ಲಿ ನಡೆಯುತ್ತೆ?
ರಾಣೆಬೆನ್ನೂರಿನಲ್ಲಿ, ಅಂದೆ.
ಅಲ್ಲಿ ಎಳನೀರಿನ ಗಾಡಿಗೂ ಈಗ
ಚೌಕಳಿ ಚಿತ್ರ ತೂಗುತ್ತದೆ ಅನ್ನಲಿಲ್ಲ.

ಚಿಕ್ಕಪ್ಪನ ಕಿರಾಣಿ ಅಂಗಡಿಯಲ್ಲಿ ಸುಣ್ಣದಲ್ಲಿ ಬರೆದಿತ್ತು:
ಇಂದು ನಗದು, ನಾಳೆ ಉದ್ರಿ.
ಆ ನಾಳೆ ಯಾವತ್ತು ಎಂದು ದಿನಾ ಕೇಳಿ
ಬೆಲ್ಲದ ಚೂರು ಗಿಟ್ಟಿಸುತ್ತಿದ್ದೆ.

ಆ ನಾಳೆ ಇದೇ ಇರಬೇಕು.
ಮೊಟ್ಟೆಯ ಉಪ್ಪಿನಕಾಯಿ ಜಾಡಿಯ ಹಿಂದಿನಿಂದ
ಎಣ್ಣೆ ಹೀರಿದ ನೋಟ್‌ಬುಕ್ಕು ಎಳೆದು,
ಪೆನ್ಸಿಲ್ ನಾಲಿಗೆಗೆ ಒತ್ತಿ, ಹೆಸರು ಕೇಳದೆ ಬರೆದಳು:
ಕೆಂಪು, ಎಂಟು ಎಂಬತ್ತು.
ನೀಲಿ, ಎಂಟು ಎಂಬತ್ತು.

ಬಸ್ಸಿನ ತಂಗುದಾಣದಲ್ಲಿ ನಿಂತು ತಿಂದೆವು.
"ನಿಮ್ಮವರನ್ನು ನಮ್ಮವರು ಕೊಳ್ಳುತ್ತಾರಂತೆ," ಅಂದ ಕರ್ಟಿಸ್.
ನಾನು ಕೇಳಿದ್ದು ತಿರುಗುಮುರುಗು.
ವಿನೆಗರ್ ಹತ್ತಿದ ಬೆರಳನ್ನು
ನನ್ನ ಫೋನು ಗುರುತಿಸಲೊಲ್ಲದು.

ಐದಕ್ಕೆ ಲೀಡ್ಸ್‌ನಿಂದ ಮ್ಯಾನೇಜರಳ ಸಂದೇಶ:
ನಲವತ್ತೊಂದನೆಯದು ಏನಾಯಿತು?
ಖಾತೆ ತೆರೆದಾಯಿತು, ಎಂದು ಬರೆದೆ.
ಹೆಬ್ಬೆರಳೊಂದು ಬಂತು.

ರಾತ್ರಿ, ಪಾಳಿಗೆ ಹೊರಟ ವಿಶಾಲಾಕ್ಷಿಯನ್ನು
ಬಾಗಿಲಲ್ಲಿ ತಡೆದೆ: ಚಿಲ್ಲರೆ ಇದೆಯಾ?
ಬೀದಿಯಲ್ಲಿದ್ದ ಬ್ಯಾಂಕು ಆ ಬೀಗ ಬಿದ್ದ ಮೂರರಲ್ಲೊಂದು.
ಅವಳು ಸಮವಸ್ತ್ರದ ಜೇಬಿಗೆ ಕೈಹಾಕಿ,
ವಾರ್ಡಿನ ಕಾಫಿ ಯಂತ್ರಕ್ಕೆಂದು ಕೂಡಿಟ್ಟದ್ದನ್ನು
ಒಂದೊಂದಾಗಿ ನನ್ನ ಅಂಗೈಗೆ ಎಣಿಸಿದಳು,
ಬೆಚ್ಚಗಿದ್ದವು,
ಎಂಟೂ ಅರವತ್ತರವರೆಗೆ.